ಸ್ವಿಚ್ಚು ಬಂದ್ ಇತ್ತು

2022ರ ಫೆಬ್ರವರಿ. ಶಹಾಬಾದ್ ಸ್ಟೇಷನ್ ರಸ್ತೆಯಲ್ಲಿ ನಾನು ಕಂಪ್ಯೂಟರ್ ಅಂಗಡಿ ತೆರೆದು ಆಗ ಇಪ್ಪತ್ತೊಂದು ವರ್ಷವಾಗಿತ್ತು. ಸೇಡಂ, ಚಿತ್ತಾಪುರ, ವಾಡಿಯಿಂದಷ್ಟೇ ಅಲ್ಲ, ಚಿಂಚೋಳಿ ಆಚೆಯ ಕುಂಚಾವರಂನಿಂದಲೂ ಬಸ್ಸಿನಲ್ಲಿ ಮಶೀನು ಹೊತ್ತುಕೊಂಡು ಬರುವ ಗಿರಾಕಿಗಳಿದ್ದರು. ನಮ್ಮ ಸೀಮೆಯಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಮುಕ್ಕಾಲು ಪಾಲು ಧೂಳು ಊದುವ ಕೆಲಸ. ಸಿಮೆಂಟಿನದೊಂದು ಧೂಳು, ಕಲ್ಲಿನದೊಂದು ಧೂಳು, ಎರಡೂ ಫ್ಯಾನಿನೊಳಗೆ ಸೇರಿ ಗಟ್ಟಿಯಾಗಿ ಕೂರುತ್ತವೆ. ಬಿಡಿಭಾಗ ತರಿಸಿ ಹೊಸ ಮಶೀನು ಜೋಡಿಸುವ ಅವಕಾಶ ವರ್ಷಕ್ಕೆ ಏಳೆಂಟು ಸಲ ಬಂದರೆ ಹೆಚ್ಚು. ಬಂದ ದಿನ ನನಗೆ ಹಬ್ಬ.

ಅಂಥ ಹಬ್ಬವನ್ನು ತಂದವನು ವಾಡಿಯ ಸಾಯಬಣ್ಣ. ಮೂವತ್ತು ವರ್ಷದವನು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಟಿಂಗ್ ಮಶೀನು ನಡೆಸುತ್ತಿದ್ದಾಗ ಕಲ್ಲು ಜಾರಿ ಎಡಗಾಲು ಮುರಿದು, ಗಣಿಯ ಕೆಲಸ ಕೈತಪ್ಪಿತ್ತು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಆಟ ಆಡುತ್ತ, ಆಡುತ್ತಲೇ ಮಾತಾಡುತ್ತ, ಅದನ್ನು ಇಂಟರ್‌ನೆಟ್ಟಿನಲ್ಲಿ ನೇರಪ್ರಸಾರ ಮಾಡತೊಡಗಿದ್ದ. ಇದಕ್ಕೆ ಸ್ಟ್ರೀಮಿಂಗ್ ಎನ್ನುತ್ತಾರೆ. ಆಟಕ್ಕಿಂತ ಹೆಚ್ಚಾಗಿ ಇವನ ಮಾತು ಕೇಳಲಿಕ್ಕೆ ಜನ ಸೇರುತ್ತಿದ್ದರು. ಸೋತಾಗ ನಮ್ಮ ಕಲಬುರಗಿ ಮಾತಿನಲ್ಲಿ ತನ್ನನ್ನೇ ಬಯ್ದುಕೊಳ್ಳುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ.

“ಸರ್, ಮೊಬೈಲ್ ಕೆಂಡ ಆಗ್ಲಕತ್ತದ್ರಿ. ಒಂದು ಕಂಪ್ಯೂಟರ್ ಮಾಡಿಕೊಡ್ರಿ. ನಲವತ್ತೈದು ಸಾವಿರ ಅದ, ಅದರ ಮ್ಯಾಲ ಒಂದು ರೂಪಾಯಿ ಇಲ್ರಿ” ಅಂದ.

ನಲವತ್ತೈದು ಸಾವಿರದಲ್ಲಿ ಆಟವೂ ಆಗಬೇಕು, ಸ್ಟ್ರೀಮಿಂಗೂ ಆಗಬೇಕು ಎಂದರೆ ಒಂದೇ ಎತ್ತಿಗೆ ಎರಡು ಗಾಡಿ ಕಟ್ಟಿದಂತೆ. ಮಶೀನು ಆಟವನ್ನೂ ಓಡಿಸಬೇಕು, ಅದೇ ಹೊತ್ತಿಗೆ ಪರದೆಯ ಚಿತ್ರವನ್ನು ಕುಗ್ಗಿಸಿ ಹೊರಗೂ ಕಳಿಸಬೇಕು. ಆರು ಕೋರಿನ ಪ್ರೊಸೆಸರ್, ಹದಿನಾರು ಜಿಬಿ ರ‍್ಯಾಮ್, ಅರ್ಧ ಟಿಬಿಯ ಎಸ್‌ಎಸ್‌ಡಿ, ಕಲಬುರಗಿಯಲ್ಲಿ ಹುಡುಕಿ ತಂದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಆರಿಸಿದೆ. ಸಾಯಬಣ್ಣನಿಗೆ ಬಣ್ಣದ ದೀಪದ ಫ್ಯಾನು, ಗಾಜಿನ ಬಾಗಿಲಿನ ಕ್ಯಾಬಿನೆಟ್ ಬೇಕಿತ್ತು. ನಾನು ಬಿಡಲಿಲ್ಲ. ಧೂಳು ತಡೆಯುವ ಜಾಳಿಗೆಯ ಗಟ್ಟಿ ತಗಡಿನ ಕ್ಯಾಬಿನೆಟ್ ಕೊಡಿಸಿದೆ. ಉಳಿದ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿದೆ. ಗೋಡೆಯ ಕರೆಂಟನ್ನು ಮಶೀನಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಡಬ್ಬಿ ಅದು. ಅಗ್ಗದ ಎಸ್‌ಎಂಪಿಎಸ್ ಹಾಕಿ ಗಿರಾಕಿಯ ಮಶೀನು ಸುಡಿಸುವ ಅಂಗಡಿಯವರನ್ನು ಕಂಡರೆ ನನಗೆ ಮೈಯುರಿ. “ಸೇಫ್ಟಿ ವಿಷಯದಾಗ ಕಂಜೂಸಿ ಮಾಡಬಾರದೋ” ಎಂದು ಅವನಿಗೆ ಭಾಷಣ ಬಿಗಿದೆ. ಆ ಭಾಷಣ ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಮಾರ್ಚ್ ಮೊದಲ ವಾರ ಮಶೀನು ಒಯ್ದು ಕೂರಿಸಲು ವಾಡಿಗೆ ಹೋದೆ. ಗೋಡೆ, ಮಾಳಿಗೆ, ನೆಲ ಎಲ್ಲವೂ ಫರಸಿ ಕಲ್ಲಿನ ಎರಡು ಖೋಲಿಯ ಮನೆ. ಇದ್ದವರು ಇಬ್ಬರೇ, ಸಾಯಬಣ್ಣ ಮತ್ತು ಅವನ ತಾಯಿ ನಾಗಮ್ಮ. ಅರವತ್ತು ದಾಟಿದ ಆಕೆ ಮೊದಲ ಮಾತಿಗೇ ನನ್ನನ್ನು ತಮ್ಮಾ ಎಂದು ಕರೆದಳು. ನನಗೂ ಅಕ್ಕಾ ಎನ್ನದೆ ಬೇರೆ ದಾರಿಯಿರಲಿಲ್ಲ.

“ಆಟ ಆಡ್ಲಕ ಇಷ್ಟು ದೊಡ್ಡ ಪೆಟ್ಟಿಗಿ ಬೇಕೇನೋ ತಮ್ಮಾ? ನಾವು ಸಣ್ಣೋರಿದ್ದಾಗ ಐದು ಹಳ್ಳು ಕಲ್ಲಿನಾಗ ಆಡ್ತಿದ್ವಿ” ಎಂದು ನಕ್ಕಳು. ನಕ್ಕವಳೇ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

ಮಶೀನು ಚಾಲೂ ಮಾಡಿ ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟೆ. ಬೆರಳ ತುದಿಗೆ ಜುಮ್ ಎಂದಿತು. ಮೀಟರ್ ಹಚ್ಚಿ ನೋಡಿದರೆ ತಗಡಿಗೂ ನೆಲಕ್ಕೂ ನಡುವೆ ನೂರಹತ್ತು ವೋಲ್ಟ್. ಇದು ಮಶೀನಿನ ದೋಷವಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಚೂರು ಕರೆಂಟು ತಗಡಿಗೆ ಬರುತ್ತದೆ. ಪ್ಲಗ್ಗಿನ ಮೂರು ಕಾಲುಗಳಲ್ಲಿ ಮೇಲಿನ ದಪ್ಪ ಕಾಲಿನ ಮೂಲಕ ಅದು ಭೂಮಿಗೆ ಇಳಿದುಹೋಗಬೇಕು. ಅದೇ ಅರ್ತಿಂಗ್. ಸಾಯಬಣ್ಣನ ಬೋರ್ಡು ಬಿಚ್ಚಿದರೆ ಮೇಲಿನ ತೂತಿಗೆ ತಂತಿಯೇ ಇರಲಿಲ್ಲ.

ನಮ್ಮ ಕಡೆ ಬಹಳ ಮನೆಗಳ ಕಥೆ ಇದೇ. ಅರ್ತಿಂಗಿಗೆ ಎಂಟು ಅಡಿ ಆಳದ ಕುಣಿ ಬೇಕು. ಎರಡು ಅಡಿ ತೋಡುವುದರೊಳಗೆ ಕಲ್ಲು ಹತ್ತುತ್ತದೆ. ಊರನ್ನೆಲ್ಲ ಸಾಕಿದ ಕಲ್ಲೇ ಇಲ್ಲಿ ಅಡ್ಡಗಾಲು.

“ಕಾಲು ಸರಿ ಇದ್ದಿದ್ರ ನಾನೇ ತೋಡ್ತಿದ್ದೆ ಸರ್. ಬ್ಯಾಸಗಿ ಮುಗೀಲಿ, ಮಂದಿ ಹಚ್ಚಿ ತೋಡಸ್ತೀನಿ. ಈಗ ಏನರೆ ಉಪಾಯ ಮಾಡ್ರಿ” ಅಂದ ಸಾಯಬಣ್ಣ.

ಉಪಾಯ ನನಗೆ ಗೊತ್ತಿತ್ತು. ನಮ್ಮ ಕಡೆ ಎಲ್ಲರಿಗೂ ಗೊತ್ತು. ಕರೆಂಟು ಬರುವ ತಂತಿ ಫೇಸ್. ಅದು ತಿರುಗಿ ಹೋಗುವ ತಂತಿ ನ್ಯೂಟ್ರಲ್. ನ್ಯೂಟ್ರಲ್ ಅತ್ತ ಟ್ರಾನ್ಸ್‌ಫಾರ್ಮರಿನ ಹತ್ತಿರ ಭೂಮಿಗೆ ಸೇರಿರುತ್ತದೆ. ಹಾಗಾಗಿ ಬೋರ್ಡಿನೊಳಗೆ ನ್ಯೂಟ್ರಲಿನಿಂದ ಮೇಲಿನ ತೂತಿಗೆ ಒಂದು ತುಂಡು ತಂತಿ ಸೇರಿಸಿದರೆ ಜುಮ್ ಎನ್ನುವುದು ನಿಲ್ಲುತ್ತದೆ. ಮಾಡಬಾರದ ಕೆಲಸ ಎಂದು ಪುಸ್ತಕದಲ್ಲಿದೆ. ನೂರಾರು ಮನೆಗಳಲ್ಲಿ ಮಾಡಿದ್ದೆ, ಏನೂ ಆಗಿರಲಿಲ್ಲ. ನಾಲ್ಕು ಬೆರಳು ಉದ್ದದ ಹಸಿರು ತಂತಿ ಕತ್ತರಿಸಿ ಸೇರಿಸಿದೆ. ಮೀಟರ್ ಸೊನ್ನೆಗೆ ಇಳಿಯಿತು.

ಹೊರಡುವಾಗ ತಾಯಿ ಮಗ ಇಬ್ಬರಿಗೂ ಎರಡು ಮಾತು ಹೇಳಿದೆ. ಒಂದು, ಒರೆಸುವ ಮೊದಲು ಸ್ವಿಚ್ಚು ಬಂದ್ ಮಾಡಬೇಕು. ಎರಡು, ಯಾವಾಗಲೂ ಚಪ್ಪಲಿ ಹಾಕಿಕೊಂಡೇ ಮುಟ್ಟಬೇಕು. ಎರಡನೆಯದು ನಮ್ಮ ಕಸುಬಿನವರ ಬಾಯಿಪಾಠ. ಅರ್ತಿಂಗ್ ಇಲ್ಲದ ಮನೆಯಲ್ಲಿ ಅದನ್ನು ಹೇಳಿ ಕೈ ತೊಳೆದುಕೊಳ್ಳುತ್ತೇವೆ.

ಇನ್ನೊಂದು ಕೆಲಸ ಮಾಡಿದ್ದೆ. ಹೊಸ ಮಶೀನಿಗೆ ಕಾಯಿ ಒಡೆದು ಕೊಡುವುದು ನಮ್ಮ ಅಂಗಡಿಯ ಪದ್ಧತಿ. ವಿಭೂತಿ, ಕುಂಕುಮ ಹಚ್ಚಿ, ನಾಗಮ್ಮಕ್ಕನ ಕೈಯಿಂದಲೇ ಊದುಬತ್ತಿ ಬೆಳಗಿಸಿದೆ. “ಇನ್ನ ಮ್ಯಾಲ ಇವನೂ ನಮ್ಮ ಮನಿ ದೇವರೇ” ಎಂದು ಆಕೆ ಪೆಟ್ಟಿಗೆಗೆ ಕೈ ಮುಗಿದಳು. ನಾನೂ ಖುಷಿಯಿಂದ ಪ್ರಸಾದದ ಕೊಬ್ಬರಿ ತಿಂದೆ.

ಮೂರು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ನಾನೂ ಆಗಾಗ ಅವನ ಸ್ಟ್ರೀಮ್ ನೋಡುತ್ತಿದ್ದೆ. ಆಟ ರಂಗೇರಿದಾಗ ಹಿಂದಿನಿಂದ “ಸಾಯಬಣ್ಣಾ, ರೊಟ್ಟಿ ಆರ್ಲಕತ್ತಾವೋ” ಎಂಬ ಕೂಗು ಬರುತ್ತಿತ್ತು. ನೋಡುವವರೆಲ್ಲ “ಮೊದಲು ಉಣ್ಣು ಹೋಗು” ಎಂದು ಬರೆದು ಅವನನ್ನು ಕಾಡುತ್ತಿದ್ದರು. ಒಂದು ದಿನ ಕೂಗು ಕೇಳದಿದ್ದರೆ ಅವ್ವ ಎಲ್ಲಿ ಎಂದು ವಿಚಾರಿಸುತ್ತಿದ್ದರು.

ಮೇ ಕೊನೆಯ ವಾರ ಬಿರುಗಾಳಿ ಬೀಸಿ, ಕಂಬದಿಂದ ಅವರ ಮನೆಗೆ ಬರುವ ಎರಡೂ ತಂತಿ ಹರಿದುಬಿದ್ದವು. ಓಣಿಯವರೇ ಒಬ್ಬರು ಕಂಬ ಹತ್ತಿ ಜೋಡಿಸಿದರು. ಜೋಡಿಸುವಾಗ ಫೇಸು, ನ್ಯೂಟ್ರಲ್ ಅದಲುಬದಲಾದವು. ಬಲ್ಬು ಹತ್ತಿತು, ಫ್ಯಾನು ತಿರುಗಿತು, ಕಂಪ್ಯೂಟರ್ ಓಡಿತು. ಅವುಗಳಿಗೆ ಯಾವ ತಂತಿ ಯಾವುದೆಂಬ ಭೇದವಿಲ್ಲ. ಆದರೆ ನಾನು ಕಟ್ಟಿದ ಹಸಿರು ತುಂಡು ಈಗ ಭೂಮಿಯ ಕಡೆಗಲ್ಲ, ಪೂರಾ ಇನ್ನೂರಮೂವತ್ತು ವೋಲ್ಟಿನ ಫೇಸಿಗೆ ಸೇರಿತ್ತು. ತಗಡಿನ ಪೆಟ್ಟಿಗೆ ಇಡಿಯಾಗಿ ಕರೆಂಟಾಗಿ ಕೂತಿತು. ನಾಲ್ಕು ದಿನ ಸಾಯಬಣ್ಣ ಅದರ ಪಕ್ಕದಲ್ಲೇ ಕೂತು ಆಡಿದ. ಅವನಿಗೆ ಗೊತ್ತಾಗಲಿಲ್ಲ. ನನ್ನ ಮಾತು ನಂಬಿ ಅವನು ರಬ್ಬರ್ ಚಪ್ಪಲಿ ಕಾಲಿಂದ ತೆಗೆದಿರಲಿಲ್ಲ.

ಐದನೆಯ ದಿನ ಅಮಾವಾಸ್ಯೆ, ಮನೆ ತೊಳೆದು ಪೂಜೆ ಮಾಡುವ ದಿನ. ಬೆಳಿಗ್ಗೆ ಏಳೂವರೆಗೆ ಸಾಯಬಣ್ಣನ ಫೋನು ಬಂತು.

“ಸರ್, ಅವ್ವ ಬಿದ್ದಾಳ್ರಿ. ಪೆಟ್ಟಿಗಿ ಹಿಡಿದದ್ರಿ. ಸುಚ್ ಬಂದ್ ಅದರಿ ಸರ್, ಬಂದೇ ಅದ!”

“ಮೇನ್ ತೆಗಿ! ಮುಟ್ಟಬ್ಯಾಡ, ಮೊದಲ ಮೇನ್ ತೆಗಿ!” ಎಂದು ಕಿರುಚಿ, ಬೈಕ್ ಹತ್ತಿದೆ.

ನಾನು ತಲುಪುವಷ್ಟರಲ್ಲಿ ಓಣಿಯವರು ಆಕೆಯನ್ನು ಆಸ್ಪತ್ರೆಗೆ ಒಯ್ದಿದ್ದರು. ಉಸಿರು ಮನೆಯಲ್ಲೇ ನಿಂತಿತ್ತು ಎಂದು ಆಮೇಲೆ ತಿಳಿಯಿತು. ಖೋಲಿಯಲ್ಲಿ ಯಾರೂ ಇರಲಿಲ್ಲ. ಫರಸಿ ನೆಲ ಆಗತಾನೆ ತೊಳೆದದ್ದು, ಇನ್ನೂ ಒದ್ದೆ. ಪೆಟ್ಟಿಗೆಯ ಮುಂದೆ ಹಿಂಡಿದ ಬಟ್ಟೆ, ಚೆಲ್ಲಿದ ಕುಂಕುಮ. ಸ್ವಿಚ್ಚು ನಿಜಕ್ಕೂ ಬಂದ್ ಇತ್ತು.

ನನಗೆ ಅಲ್ಲೇ ಅರ್ಥವಾಯಿತು, ಕಂಬದ ತಂತಿಗೆ ಹೊಸ ಜೋಡಣೆ ಬಿದ್ದದ್ದನ್ನು ಬರುವಾಗಲೇ ನೋಡಿದ್ದೆ. ಸ್ವಿಚ್ಚು ಕಡಿಯುವುದು ಒಂದೇ ತಂತಿಯನ್ನು. ಕಂಬದಲ್ಲಿ ಅದಲುಬದಲಾದ ಮೇಲೆ ಅದು ಕಡಿದದ್ದು ನಿರುಪದ್ರವಿ ತಂತಿಯನ್ನು. ಫೇಸು ಸ್ವಿಚ್ಚಿನ ಹಂಗಿಲ್ಲದೆ, ನನ್ನ ಹಸಿರು ತುಂಡಿನ ಮೂಲಕ, ತಗಡಿನವರೆಗೆ ಬಂದಿತ್ತು. ಆಕೆ ನಾನು ಹೇಳಿದಂತೆ ಸ್ವಿಚ್ಚು ಬಂದ್ ಮಾಡಿದ್ದಳು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದ್ದಳು.

ಮೇನ್ ತೆಗೆದಿದೆ ಎಂದು ಖಾತ್ರಿ ಮಾಡಿಕೊಂಡು, ಬೋರ್ಡು ಬಿಚ್ಚಿ, ಆ ತುಂಡು ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಬೋರ್ಡನ್ನು ಮೊದಲಿನಂತೆ ಮುಚ್ಚಿದೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಪುಂಡಿಪಲ್ಯ ಉಂಡ ಖೋಲಿಯಲ್ಲೇ ನಿಂತು ಅದನ್ನು ಮಾಡಿದೆ. ಪೊಲೀಸರು ಬಂದು ನೋಡಿ, ಕರೆಂಟ್ ಹೊಡೆದು ಆಕಸ್ಮಿಕ ಸಾವು ಎಂದು ಬರೆದುಕೊಂಡರು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ನನ್ನ ಮೌನದ ಬೆಲೆ ತೆತ್ತವನು ಸಾಯಬಣ್ಣ. ಸ್ವಿಚ್ಚು ಬಂದ್ ಇದ್ದರೆ ಕರೆಂಟು ಹೊಡೆಯುವುದುಂಟೇ? ಮಗ ಆಟ ಮುಗಿಸಿ ಸ್ವಿಚ್ಚು ಹಾಗೇ ಬಿಟ್ಟಿದ್ದಾನೆ, ತಾಯಿ ಸತ್ತ ಮೇಲೆ ಬಂದ್ ಮಾಡಿ ಸುಳ್ಳು ಹೇಳುತ್ತಿದ್ದಾನೆ ಎಂದು ಓಣಿ ತೀರ್ಪು ಕೊಟ್ಟಿತು. ಆಟದ ಹುಚ್ಚಿಗೆ ಹೆತ್ತವಳನ್ನೇ ತಿಂದ ಎಂದರು ಸ್ವಂತ ನೆಂಟರು. ಆಕೆಯನ್ನು ಮಣ್ಣು ಮಾಡಿದ ದಿನ ಅವನ ಪಕ್ಕ ಕೂರಲೂ ಕೆಲವರು ಒಲ್ಲೆಂದರು. ನನ್ನ ಜೇಬಿನಲ್ಲಿದ್ದ ನಾಲ್ಕು ಬೆರಳು ತಂತಿ ಅವನನ್ನು ಬಿಡಿಸಬಲ್ಲದಾಗಿತ್ತು. ಅದನ್ನು ಅಂಗಡಿಯ ಡ್ರಾದಲ್ಲಿಟ್ಟು ಬೀಗ ಹಾಕಿದೆ. ನನಗೂ ಹೆಂಡತಿ ಮಕ್ಕಳಿದ್ದಾರೆ, ಅಂಗಡಿ ಮುಚ್ಚಿಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಜುಲೈ ಮಧ್ಯದಲ್ಲಿ ಅವನೇ ಫೋನು ಮಾಡಿದ. “ಕುಣಿ ತೋಡೀನ್ರಿ ಸರ್. ಅರ್ತಿಂಗ್ ಹ್ಯಾಂಗ ಹಾಕಬೇಕು, ಬಂದು ತೋರಸ್ರಿ.”

ಹೋಗಿ ನೋಡಿದೆ. ಮನೆಯ ಹಿಂದೆ ಎಂಟು ಅಡಿ ಕುಣಿ. ಕಲ್ಲಿನ ಪದರಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ಮುರಿದ ಕಾಲನ್ನು ಚಾಚಿ, ಕೂತು, ಉಳಿ ಸುತ್ತಿಗೆ ಹಿಡಿದು ಅವನೊಬ್ಬನೇ ಒಂದೂವರೆ ತಿಂಗಳು ಒಡೆದಿದ್ದ. ಯಾರನ್ನೂ ಕರೆದಿರಲಿಲ್ಲ, ಕರೆದರೆ ಬರುವವರೂ ಇರಲಿಲ್ಲ. ಅಂಗೈ ಚರ್ಮ ಸುಲಿದು ಹೋಗಿತ್ತು.

“ಮಂದಿ ಅನ್ನೂದು ಖರೇನೇ ಇರಬೇಕು ಸರ್” ಅಂದ. “ಮೊದಲ ಸುಚ್ ಬಂದ್ ಇತ್ತು ಅಂತ ಗಟ್ಟಿ ಇದ್ದೆ. ಈಗ ನನಗೇ ನಂಬಿಕಿ ಬರವಲ್ದು. ನಾನೇ ಹಾಕಿ ಬಿಟ್ಟು, ಆಮ್ಯಾಗ ಗಾಬರಿನಾಗ ಬಂದ್ ಮಾಡೀನೇನೋ.”

ಮಾಡದ ತಪ್ಪನ್ನು ಅವನು ನೆನಪು ಮಾಡಿಕೊಳ್ಳುತ್ತಿದ್ದ. ಅಷ್ಟು ದೂರ ಅವನನ್ನು ನೂಕಿದವನು ನಾನು. ಆ ದಿನ ಹೊರಡುವಾಗ ಡ್ರಾ ತೆರೆದು ತಂತಿಯನ್ನು ಜೊತೆಗೆ ತಂದಿದ್ದೆ. ಕೊಡುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಕುಣಿಯ ದಂಡೆಯಲ್ಲಿ ಕೂತು ಅದನ್ನು ಅವನ ಅಂಗೈಯಲ್ಲಿಟ್ಟೆ. ಕಟ್ಟಿದ್ದು, ಕಿತ್ತದ್ದು, ಮುಚ್ಚಿಟ್ಟದ್ದು ಎಲ್ಲ ಹೇಳಿದೆ.

“ಸ್ವಿಚ್ಚು ಬಂದೇ ಇತ್ತು ಸಾಯಬಣ್ಣ. ನಿಮ್ಮ ಅವ್ವ ಬಂದ್ ಮಾಡಿದ್ಲು. ತಪ್ಪು ನಂದು.”

ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವನು ತಂತಿಯನ್ನು ತಿರುವಿ ತಿರುವಿ ನೋಡಿದ, ಆಮೇಲೆ ಸಣ್ಣ ಮಕ್ಕಳ ಹಾಗೆ ಅತ್ತ. ಅತ್ತು ಮುಗಿದ ಮೇಲೆ ಒಂದೇ ಮಾತು ಕೇಳಿದ.

“ಚಪ್ಪಲ್ ಹಾಕ್ಕೊಂಡು ಮುಟ್ರಿ ಅಂದಿದ್ರಿ. ಕಾಯಿ ಒಡೆದು ದೇವರು ಮಾಡಿದವರೂ ನೀವೇ. ದೇವರ ಮುಂದ ನಮ್ಮವ್ವ ಚಪ್ಪಲ್ ಹಾಕ್ಕೊಂಡು ನಿಂದರ್ತಿದ್ಲೇನ್ರಿ ಸರ್?”

ಅಂದೇ ಅವನ ಜೊತೆ ಠಾಣೆಗೆ ಹೋಗಿ ಎಲ್ಲ ಬರೆದುಕೊಟ್ಟೆ. ವಾಡಿಯ ಅವನ ಓಣಿಯಲ್ಲಿ, ಅವನ ನೆಂಟರ ಮುಂದೆ ನಿಂತೂ ಹೇಳಿದೆ. ಪ್ರಕರಣ ಇನ್ನೂ ನಡೆದಿದೆ, ಬಂದದ್ದನ್ನು ಅನುಭವಿಸುತ್ತೇನೆ. ಸಾಯಬಣ್ಣ ಆ ಮಶೀನು ಮಾರಲಿಲ್ಲ, ಚಾಲೂ ಮಾಡಲೂ ಇಲ್ಲ. ಅಂಗಡಿಗೆ ಅವನು ಮತ್ತೆ ಬಂದಿಲ್ಲ. ಹಿಂದೆ ತಂತಿ ತುಂಡು ಹಾಕಿದ ಮನೆಗಳನ್ನು ನೆನಪಾದಷ್ಟು ಹುಡುಕಿಕೊಂಡು ಹೋಗಿ ಕಿತ್ತು ಬಂದಿದ್ದೇನೆ. ಎಲ್ಲವೂ ನೆನಪಿಗೆ ಬಂದಿಲ್ಲ ಎಂಬ ಭಯ ಇನ್ನೂ ಇದೆ.

ಈಗ ಅರ್ತಿಂಗ್ ಇಲ್ಲದ ಮನೆಗೆ ಮಶೀನು ಕೊಡುವುದಿಲ್ಲ. ಕರೆಂಟು ಸೋರಿದರೆ ತಾನೇ ಬಂದ್ ಆಗುವ ಬ್ರೇಕರ್ ಹಾಕಿಸದೆ ಪ್ಲಗ್ ಚುಚ್ಚುವುದಿಲ್ಲ. ಬಜೆಟ್ ಸಾಲದು ಎಂದರೆ ಗ್ರಾಫಿಕ್ಸ್ ಕಾರ್ಡ್ ಬಿಡಿ ಎನ್ನುತ್ತೇನೆ. ಗಿರಾಕಿಗಳು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಮಶೀನು ಕೂರಿಸುವಾಗ ಅದನ್ನು ಬಳಸುವವನನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಲದು, ಆ ಮನೆಯಲ್ಲಿ ಅದನ್ನು ಮುಟ್ಟುವ ಪ್ರತಿಯೊಂದು ಕೈಯನ್ನೂ ನೆನೆಯಬೇಕು ಎಂಬುದನ್ನು ಈ ಕಸುಬು ನನಗೆ ಬಹಳ ತಡವಾಗಿ ಕಲಿಸಿತು.

ಕಾಯಿ ಒಡೆಯುವ ಪದ್ಧತಿ ಬಿಟ್ಟಿಲ್ಲ. ಆದರೆ ಅದಕ್ಕೆ ಮೊದಲು ಮೀಟರ್ ಹಚ್ಚಿ ಎಲ್ಲ ಸರಿ ಇದೆ ಎಂದು ನೋಡುತ್ತೇನೆ. ಆಮೇಲೆ ನನ್ನ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ನೆಲಕ್ಕೆ ಒಂದು ತಂಬಿಗೆ ನೀರು ಸುರಿದು, ಒದ್ದೆ ಕೈಯಿಂದ ಆ ಪೆಟ್ಟಿಗೆಯನ್ನು ಮೊದಲು ನಾನೇ ಮುಟ್ಟುತ್ತೇನೆ.