ಚಂದ್ರಮೋಹನನ ಒಂದೇ ತಪ್ಪು

ನಾನೂ ಚಂದ್ರಮೋಹನನೂ ದೆಹಲಿಯ ಒಂದೇ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಎದುರುಬದುರು ಕೂತವರು. ಅಷ್ಟು ವರ್ಷದಲ್ಲಿ ಅವನು ಒಂದು ಫೈಲನ್ನಾದರೂ ಕೊನೆಯ ಹಾಳೆಯವರೆಗೆ ಓದಿದ್ದನ್ನು ನಾನು ಕಂಡಿಲ್ಲ. ಮೊದಲ ಹಾಳೆ ತಿರುವಿ "ಅಚ್ಛಾ, ಚಲೋ" ಎಂದು ಸಹಿ ಹಾಕುವ ಶೂರ.

ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದದ್ದು ಕರೋಲ್ ಬಾಗಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಸಿ.ಡಿ. ಮಾತ್ರ. ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಚಿತ್ರ. ಸೂಟು ತೊಟ್ಟ ಚೆಲುವನೊಬ್ಬ ಶ್ರೀಮಂತ ವಿಧವೆಯ ಉಯಿಲನ್ನು ಕದ್ದು ಓದಿ, ಅವಳನ್ನು ಮದುವೆಯಾಗಿ, ಆಮೇಲೆ ಕೊಂದು, ಮರೆತುಬಿಟ್ಟ ಒಂದು ಕೈಗವಸಿನಿಂದ ಸಿಕ್ಕಿಬೀಳುತ್ತಾನೆ. "ಒಂದೇ ತಪ್ಪು ಮಾಡಿದ ಕಣೋ. ನಾನಾಗಿದ್ದರೆ ಮಾಡ್ತಿರಲಿಲ್ಲ," ಎಂದು ಇವನು ವಾರಕ್ಕೊಮ್ಮೆ ಮೀಸೆ ತಿರುವುತ್ತಿದ್ದ.

೨೦೦೪ರಲ್ಲಿ ದೆಹಲಿ ಕನ್ನಡಿಗರ ಯುಗಾದಿ ಊಟದಲ್ಲಿ ಅವನ ಕಣ್ಣು ಸರಸು ಮೇಲೆ ಬಿತ್ತು. ಕೊಡಗಿನವರು, ಸೈನ್ಯದಲ್ಲಿದ್ದ ಸೋಮಣ್ಣನವರ ವಿಧವೆ. ಜನಕಪುರಿಯ ಬಾಡಿಗೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ದಿಶಾ ಜೊತೆಗಿದ್ದರು. ಗಂಡನ ಪೆನ್ಷನ್ ತಿಂಗಳು ತಿಂಗಳೂ ಬರುತ್ತಿತ್ತು. ನಲವತ್ತೆಂಟರ ಬ್ರಹ್ಮಚಾರಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ಆ ಪೆನ್ಷನ್ ಬಂದರೆ ತಾನು ಸ್ವಯಂನಿವೃತ್ತಿ ತೆಗೆದುಕೊಂಡು ಸೋಫಾದ ಮೇಲೆ ಕಾಲು ಚಾಚುತ್ತೇನೆಂದು ನನಗೆ ಯಾವ ಸಂಕೋಚವೂ ಇಲ್ಲದೆ ಹೇಳಿದ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಸರಸು ಅವರಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ಶ್ರಾವಣದಲ್ಲಿ ರಿಜಿಸ್ಟರ್ ಮದುವೆಯಾಯಿತು. ಮರುವಾರವೇ ಅವನ ಸ್ವಯಂನಿವೃತ್ತಿಯ ಅರ್ಜಿ, ಸಿಬ್ಬಂದಿ ಫೈಲು ನೋಡುವ ನನ್ನ ಮೇಜಿಗೆ ಬಂತು. ಅದಾಗಿ ಹತ್ತನೇ ದಿನ ಬೆಳಿಗ್ಗೆ, ಜನ್ಮದಲ್ಲಿ ಮೊದಲ ಸಲ ಒಂಬತ್ತಕ್ಕೆ ಮುಂಚೆ, ಇಂಗು ತಿಂದ ಮಂಗನ ಮುಖ ಹೊತ್ತು ಅವನೇ ಬಂದ. ಹಿಂದಿನ ದಿನ ಊಟದ ಹೊತ್ತಿಗೆ ಪೆನ್ಷನ್ ಮಾತು ತೆಗೆದನಂತೆ. ಮತ್ತೆ ಮದುವೆಯಾದರೆ ವಿಧವೆಯ ಪೆನ್ಷನ್ ನಿಲ್ಲುತ್ತದೆ, ತಾನೇ ಕಾಗದ ಬರೆದು ತಿಳಿಸಿದ್ದೇನೆ, ಇನ್ನು ಅದು ದಿಶಾಳ ಹೆಸರಿಗೆ ಹೋಗುತ್ತದೆ ಎಂದರಂತೆ ಸರಸು. ಸರ್ಕಾರದ ಅನ್ನ ತಿನ್ನುವ ಗುಮಾಸ್ತನಿಗೆ ಈ ನಿಯಮ ಗೊತ್ತಿರಲಿಲ್ಲ. ಅದು ಎರಡನೇ ಹಾಳೆಯಲ್ಲಿತ್ತೋ ಏನೋ.

ಅರ್ಜಿ ವಾಪಸು ಕೊಡು ಎಂದು ಕೈಮುಗಿದ. ಫೈಲು ಇನ್ನೂ ಮೇಲಕ್ಕೆ ಹೋಗಿರಲಿಲ್ಲ. ಮೂರು ದಿನ ಬೇಕೆಂದೇ ಅಲೆದಾಡಿಸಿ ಕೊಟ್ಟೆ.

ಆ ಭಾನುವಾರ ಸರಸು ನನ್ನನ್ನು ಊಟಕ್ಕೆ ಕರೆದರು. ಊಟವಾದ ಮೇಲೆ ಆ ಚಿತ್ರ ಹಾಕಿ ಎಂದು ಅವರೇ ಗಂಡನಿಗೆ ಹೇಳಿ, ಬೆಳ್ಳುಳ್ಳಿ ಸುಲಿಯುತ್ತ ಕೂತರು. ಪೊಲೀಸರು ಕೈಗವಸು ಎತ್ತಿಕೊಂಡಾಗ, ಹುಟ್ಟುಗುಣ ಎಲ್ಲಿ ಹೋದೀತು, ಚಂದ್ರಮೋಹನನ ಬಾಯಿಂದ "ಒಂದೇ ತಪ್ಪು" ಎಂದು ಬಂದೇಬಿಟ್ಟಿತು.

ಸರಸು ತಲೆ ಎತ್ತಲಿಲ್ಲ. "ಅವನು ಮದುವೆಗೆ ಮುಂಚೆ ಉಯಿಲನ್ನಾದರೂ ಓದಿದ್ದ. ನೀವು ನನ್ನನ್ನ ಒಂದು ಮಾತು ಕೇಳಿದ್ದರೆ ನಾನೇ ಹೇಳ್ತಿದ್ದೆ. ನಾನು ಬೇಕು ಅಂತ ಬಂದಿರಿ ಅಂದುಕೊಂಡು ಆ ಪೆನ್ಷನ್ನೇ ಬಿಟ್ಟುಕೊಟ್ಟೆ."

ಚಂದ್ರಮೋಹನ ಎದ್ದು ಟಿ.ವಿ. ಆರಿಸಿದ. ಆಮೇಲೆ ನನ್ನ ಕಡೆ ತಿರುಗಿ, ನಾಳೆ ಆಫೀಸಿಗೆ ಎಷ್ಟು ಗಂಟೆಯ ಬಸ್ಸಿಗೆ ಹೋಗುತ್ತೀಯ ಎಂದು ಕೇಳಿದ.