ಮೇಸ್ತ್ರಿ ತಿಕ್ಕಿದ ಇಳಿಜಾರು

೧೯೯೬ರ ಜುಲೈ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ತೆರಕಣಾಂಬಿ ಕಡೆಯ ನಮ್ಮ ಪ್ರಾಥಮಿಕ ಶಾಲೆಯ ಅಂಗಳದಲ್ಲಿದ್ದವರು: ಮುಖ್ಯೋಪಾಧ್ಯಾಯನಾದ ನಾನು, ಇಬ್ಬರು ಶಿಕ್ಷಕರು, ಮಕ್ಕಳು, ಗುಂಡ್ಲುಪೇಟೆಯಿಂದ ಬಂದ ಮುಖ್ಯ ಅತಿಥಿಗಳು, ಗಾರೆ ಮೇಸ್ತ್ರಿ, ಮತ್ತು ಕೈಯಿಂದ ತಿರುಗಿಸಿ ಓಡಿಸುವ ಮೂರು ಚಕ್ರದ ಗಾಡಿಯಲ್ಲಿ ಕುಳಿತ ಐದನೇ ತರಗತಿಯ ಹುಡುಗಿ. ಪೋಲಿಯೋದಿಂದ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ನಾಲ್ಕು ವರ್ಷ ಅಪ್ಪನೇ ಹೊತ್ತು ಮೆಟ್ಟಿಲು ಹತ್ತಿಸಿದ್ದ. ಈಗ ಅವನ ಸೊಂಟ ಹಿಡಿದುಕೊಂಡಿತ್ತು. ಅದಕ್ಕೇ ಮೆಟ್ಟಿಲ ಪಕ್ಕದಲ್ಲಿ ಗಾಡಿ ಹತ್ತಲೆಂದು ಇಳಿಜಾರು ಕಟ್ಟಿಸಿದ್ದೆವು; ಅಂದು ಅದರ ಉದ್ಘಾಟನೆ.

"ಈ ಹೊಸ ದಾರೀಲಿ ಅವ್ಳೇ ಹತ್ತುದ್ರೆ ದಿನಾ ಕಳುಸ್ತೀನಿ ಸಾ. ಇಲ್ದಿದ್ರೆ ಇವತ್ಗೇ ಸಾಕು," ಎಂದು ಹೇಳಿ ಹೋಗಿದ್ದ.

ನಮ್ಮ ಮೇಸ್ತ್ರಿ ಮನೆಗಳ ಜಗಲಿ ಕೆಲಸಕ್ಕೆ ಹೆಸರಾದವರು. ಶಾಲೆಯ ಕೆಲಸವೆಂದು ಉದಾಸೀನ ಮಾಡಲಿಲ್ಲ. ಇಳಿಜಾರಿಗೆ ರೆಡ್ ಆಕ್ಸೈಡ್ ಹಾಕಿ, ಮೂರು ದಿನ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ ಹೊಳಪು ತಂದಿದ್ದರು. ಬಗ್ಗಿದರೆ ನನ್ನ ಕನ್ನಡಕ ಅದರಲ್ಲಿ ಕಾಣುತ್ತಿತ್ತು. ಉದ್ಘಾಟನೆಗೆ ಮೊದಲು ಯಾರೂ ಕಾಲಿಡಬಾರದೆಂದು ನಾನೇ ಅಪ್ಪಣೆ ಮಾಡಿದ್ದರಿಂದ ಒಂದು ಕೋಳಿಯೂ ಅದರ ಮೇಲೆ ನಡೆದಿರಲಿಲ್ಲ.

ಅತಿಥಿಗಳು ಟೇಪು ಕತ್ತರಿಸಿದರು. ಹೊಸ ನೆಲವೆಂದು ಮೇಸ್ತ್ರಿ ಅವರ ಚಪ್ಪಲಿ ಬಿಡಿಸಿದರು. ಎರಡು ಹೆಜ್ಜೆ ಹತ್ತಿದವರು, ನಿಂತ ಭಂಗಿಯಲ್ಲೇ, ಹಾರದ ಸಮೇತ ನನ್ನ ಬಳಿಗೆ ವಾಪಸು ಬಂದರು. ಮತ್ತೆ ಹೋದರು, ಮತ್ತೆ ಬಂದರು.

"ಮೆಟ್ಲಲ್ಲೇ ಓಗ್ಬುಡ್ಲಾ ಮೇಷ್ಟ್ರೇ?"

ಕಾರ್ಯಕ್ರಮ ಪಟ್ಟಿಯಲ್ಲಿ 'ಇಳಿಜಾರಿನ ಮೂಲಕ ಪ್ರವೇಶ' ಎಂದಿತ್ತು. ಪಟ್ಟಿ ಬರೆದವನು ನಾನು, ಒಪ್ಪಲಿಲ್ಲ. ಬಾವಿಯ ಹಗ್ಗ ತರಿಸಿದೆ. ಇಬ್ಬರು ಶಿಕ್ಷಕರು ಮೇಲಿನಿಂದ ಎಳೆದು ಅವರನ್ನು ವರಾಂಡಕ್ಕೆ ಮುಟ್ಟಿಸಿದರು. ಅಲ್ಲಿ ಉಸಿರು ಸುಧಾರಿಸಿಕೊಂಡು, ಇನ್ನು ಈ ಶಾಲೆಗೆ ಯಾರು ಬೇಕಾದರೂ ಸಲೀಸಾಗಿ ಬರಬಹುದೆಂದು ಭಾಷಣ ಮಾಡಿದರು. ಹುಡುಗಿ ಕೆಳಗಿನಿಂದಲೇ ಚಪ್ಪಾಳೆ ತಟ್ಟಿದಳು. ಅತಿಥಿಗಳು ಇಳಿಯುವಾಗ ಹಗ್ಗ ಬೇಕಾಗಲಿಲ್ಲ.

ಅವರ ಜೀಪು ಹೋದ ಮೇಲೆ ಅವಳ ಸರದಿ. ಅರ್ಧ ಹತ್ತಿದ ಗಾಡಿ ಹಿಂದಕ್ಕೆ ಜಾರಿ ಕನಕಾಂಬರದ ಪಾತಿಯಲ್ಲಿ ನಿಂತಿತು. ಮಣ್ಣು ಎರಚಿಸಿದೆ. ಗಾಡಿ ಮಣ್ಣಿನ ಸಮೇತ ಜಾರಿತು.

"ಒಳ್ಳುಕಲ್ಗೆ ಉಳೀಲಿ ಒಡೀತರಲ್ಲ ಸಾ, ಅಂಗೇ ಒಡಿಸ್ಬುಡಿ," ಎಂದಳು. ಸವೆದು ನುಣುಪಾದ ಒರಳುಕಲ್ಲನ್ನು ಉಳಿಯಿಂದ ಒರಟು ಮಾಡಿಕೊಡುವವರು ಆಗ ಬೀದಿ ಬೀದಿ ತಿರುಗುತ್ತಿದ್ದರು.

ಮೇಸ್ತ್ರಿ ಇಳಿಜಾರಿಗೆ ಅಡ್ಡಲಾಗಿ ಕುಳಿತುಬಿಟ್ಟರು. "ನನ್ ಕೆಲ್ಸುಕ್ಕೆ ಉಳಿ ಆಕುಸ್ತೀಯಾ ಕಣಮ್ಮಿ? ಇದೇನು ಒಳ್ಳುಕಲ್ಲಾ?"

"ಒಳ್ಳುಕಲ್ಲಾಗಿದ್ರೆ ಚಟ್ನಿನಾದ್ರೂ ಆಗದು ತಾತ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. "ಸಂಜೆ ಅಪ್ಪ ಬಂದ್ರೆ ನಾನು ಮನೇಲೇ ಕುಂತ್ಕಬೇಕು ತಾತ."

ಮೇಸ್ತ್ರಿ ತಮ್ಮ ಹೊಳಪನ್ನು ಅಂಗೈಯಿಂದ ಒಮ್ಮೆ ಸವರಿದರು. ಕೂತಲ್ಲೇ ಸ್ವಲ್ಪ ಕೆಳಕ್ಕೂ ಜಾರಿದರು. "ಬ್ಯಾರೇವ್ರು ಒಡುದ್ರೆ ಸೊಟ್ಟ ಒಡೀತರೆ. ನಾನೇ ಒಡೀತೀನಿ. ಮೇಷ್ಟ್ರೇ, ದಾರ ಇಡ್ಕಳಿ!"

ನಾನು ದಾರ ಹಿಡಿದೆ. ಅಂಗೈಯಗಲಕ್ಕೊಂದರಂತೆ ಅಡ್ಡ ಗೆರೆಗಳು ಬಿದ್ದವು. ಉಳಿಯ ಸದ್ದಿಗೆ ಶಿಕ್ಷಕರು ಆ ದಿನದ ಪಾಠವನ್ನೆಲ್ಲ ಕೂಗಿಯೇ ಹೇಳಿದರು. ಮೂರೂವರೆಗೆ ಹುಡುಗಿ ಗಾಡಿಯನ್ನು ಇಳಿಜಾರಿನತ್ತ ತಿರುಗಿಸಿದಳು. ಗಡಗಡ ಸದ್ದು ಮಾಡುತ್ತ ಅದು ವರಾಂಡ ಸೇರಿತು. ಉಳಿದಿದ್ದ ಲೆಕ್ಕದ ಪಾಠಕ್ಕೆ ಕುಳಿತಳು.

ನಾಲ್ಕೂವರೆಗೆ ಅಪ್ಪ ಬಂದ. ಅಂಗಳದಲ್ಲೆಲ್ಲ ಹುಡುಕಿದ.

"ಎಲ್ಲಿದ್ದೀಯಮ್ಮಿ?"

"ಮ್ಯಾಲವ್ನಿ ಕಣಪ್ಪ!"

ಅವನು ಇಳಿಜಾರನ್ನು ನೋಡಿದ, ಮಗಳನ್ನು ನೋಡಿದ. "ನಾಳೆ ಬೆಲ್ಲು ಎಷ್ಟೊತ್ಗೆ ಸಾ?"

ಸಮಯ ಹೇಳಿದೆ. ಅವರು ಹೋದ ಮೇಲೆ ಗೆರೆಗಳಲ್ಲಿ ಕೂತಿದ್ದ ಕೆಂಪು ಪುಡಿಯನ್ನು ಗುಡಿಸಿ, ಕೊಠಡಿಗಳಿಗೆ ಬೀಗ ಹಾಕಿದೆ.