ರುಖ್ಸಾರ್ ಕೈಗೆ ಬಂದ ಡೋಲು

ಭಾಗ್ಯಶ್ರೀ ರುಖ್ಸಾರಳನ್ನು ಮೊದಲು ನೋಡಿದ್ದು ಯಲಹಂಕದ ಹಾಕಿ ಮೈದಾನದಲ್ಲಿ, ಗೋಲಿನ ಹಿಂದಿನ ತಂತಿ ಬೇಲಿಯ ಹತ್ತಿರ. ಭಾನುವಾರದ ಮಧ್ಯಾಹ್ನ. ಸಿಂದಗಿಯಿಂದ ಬಂದು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವ ಕೆಲಸಕ್ಕೆ ಸೇರಿದ್ದ ಭಾಗ್ಯಶ್ರೀ, ವಿದ್ಯಾರ್ಥಿನಿಯರಿಗೆ ಆಟ ತೋರಿಸಲು ಕರೆತಂದಿದ್ದಳು. ಬುರ್ಖಾದ ಅಂಚಿಗೆ ಕೆಮ್ಮಣ್ಣು ಮೆತ್ತಿಕೊಂಡ ಹೆಂಗಸೊಬ್ಬಳು ಬೇಲಿಯುದ್ದಕ್ಕೂ ಹೋಗುತ್ತಿದ್ದಳು, ಬರುತ್ತಿದ್ದಳು. ಕಡಲೆಕಾಯಿ ಬೀಜದ ಪೊಟ್ಟಣ ಒಮ್ಮೆ ಎಡಗೈಗೆ, ಒಮ್ಮೆ ಬಲಗೈಗೆ. ಒಂದು ಬೀಜವೂ ಬಾಯಿಗೆ ಹೋಗಿರಲಿಲ್ಲ.

“ಯಾಕ್ರೀ ಅಕ್ಕಾರ, ಕುಂಡ್ರಂಗಿಲ್ಲೇನ್ರಿ?”

“ಹೆಂಗ್ ಕೂರ್ಲಿ ಮೇಡಂ? ಗೋಲಲ್ಲಿ ನಿಂತಿರೋದು ನನ್ ತಂಗಿ ಸಬಾ. ತಗೊಳ್ಳಿ, ನೀವೇ ತಿನ್ನಿ,” ಎಂದು ರುಖ್ಸಾರ್ ಪೊಟ್ಟಣವನ್ನು ಭಾಗ್ಯಶ್ರೀಯ ಕೈಗೆ ತುರುಕಿದಳು.

ಅಷ್ಟರಲ್ಲಿ ಸಬಾಳ ಕಾಲಡಿಯಿಂದ ಚೆಂಡು ನುಸುಳಿ ಗೋಲಾಯಿತು. “ಮನೆಗ್ ಹೋಗಿ ರೊಟ್ಟಿ ತಟ್ಟು! ರೊಟ್ಟಿ ತಟ್ಟು!” ಕೂಗಿದ್ದು ಸಬಾಳ ಸ್ವಂತ ಕ್ಲಬ್ಬಿನ ಅಭಿಮಾನಿಗಳೇ. ಅವರ ಗುಂಪಿನ ಡೋಲು ಆ ಕೂಗಿಗೆ ಸರಿಯಾಗಿ ತಾಳ ಹಾಕಿತು. ಭಾಗ್ಯಶ್ರೀ ಕರೆತಂದ ಹುಡುಗಿಯರಲ್ಲೂ ಇಬ್ಬರು ಚಪ್ಪಾಳೆ ಸೇರಿಸಿದರು. ಅವ್ವ ತಟ್ಟಿದ ರೊಟ್ಟಿ ತಿಂದು ಬೆಳೆದ ಭಾಗ್ಯಶ್ರೀಗೆ, ಅದೇ ಮಾತು ಬೈಗುಳವಾದದ್ದು ಚುಚ್ಚಿತು. ಆಟ ಮುಗಿದ ಮೇಲೆ ಸಬಾ ಕಾಲಿನ ಪ್ಯಾಡ್ ಬಿಚ್ಚಿ ಬೆಂಚಿನ ಮೇಲೆ ಎಸೆದು ಹೊರಟೇಬಿಟ್ಟಳು. ಇನ್ನು ಬರುವುದಿಲ್ಲ ಎಂದಳು.

ಪ್ಯಾಡುಗಳನ್ನು ಆರ್.ಟಿ. ನಗರದ ಮನೆಗೆ ಹೊತ್ತೊಯ್ದವಳು ರುಖ್ಸಾರ್. ಮುಂದಿನ ಭಾನುವಾರ ಅದೇ ಚೀಲ ಹಿಡಿದು ಬಸ್ಸಿಳಿದಳು, ತಂಗಿಯಿಲ್ಲದೆ. ಸಬಾ ಮತ್ತೆ ಗೋಲಿಗೆ ನಿಲ್ಲಬೇಕಾದರೆ ಮೊದಲು ಆ ಕೂಗು ನಿಲ್ಲಬೇಕು. ಬೇರೇನೂ ಅವಳ ತಲೆಯಲ್ಲಿರಲಿಲ್ಲ. ಗೇಟಿನ ಚಹಾ ಅಂಗಡಿಯ ಮುಂದೆ ಹುಡುಗರನ್ನು ನಿಲ್ಲಿಸಿಕೊಂಡು, ಅಷ್ಟು ಜನರ ಕಾಲುಗಳ ನಡುವೆ ಗೋಲ್‌ಕೀಪರ್‌ಗೆ ಚೆಂಡು ಕಾಣುವುದೇ ಎಷ್ಟು ಕಷ್ಟ ಎಂದು ತಿಳಿಹೇಳಿದಳು. ಭಾಗ್ಯಶ್ರೀಯೂ ಜೊತೆಗೆ ನಿಂತಳು. “ಆಯ್ತಕ್ಕಾ, ಆಯ್ತಕ್ಕಾ,” ಎಂದರು ಹುಡುಗರು. ಒಳಗೆ ಹೋದ ಮೇಲೆ ಹೊಸ ಗೋಲ್‌ಕೀಪರ್‌ಗೂ ಮತ್ತದೇ ರೊಟ್ಟಿ.

ರುಖ್ಸಾರ್ ಡೋಲು ಬಾರಿಸುವ ವಾಜಿದನನ್ನು ಹಿಡಿದಳು.

“ನಾನೇನ್ ಅಂದೆ ಆಪಾ? ಬಾಯೇ ಬಿಟ್ಟಿಲ್ಲ. ಬರೀ ಬಾರಿಸ್ತೀನಿ.”

“ಅದೇ ಕಣೋ. ನೀನ್ ಬಾರಿಸ್ದೆ ಇದ್ರೆ ಅವ್ರ್ ಹೆಂಗ್ ಕೂಗ್ತಾರೆ?”

“ನಿಲ್ಸಿದ್ರೆ ನನ್ನೇ ಆಚೆ ಹಾಕ್ತಾರೆ.”

“ಹಂಗಾದ್ರೆ ನಂಗೆ ಕಲ್ಸು.”

ತಾರಸಿಯ ಮೇಲೆ ಬಾರಿಸಿ, ಕೆಳಮನೆಯವರಿಂದ ಬೈಸಿಕೊಂಡು ಕಲಿತಳು. ಟೂರ್ನಿಯ ದಿನ ವಾಜಿದ್ ಕೈನೋವಿನ ನೆಪ ಹೇಳಿ ಡೋಲನ್ನು ಅವಳ ಕೊರಳಿಗೆ ಹಾಕಿದ. ಸಬಾಳನ್ನೂ ಎಳೆದು ತಂದಿದ್ದಳು. ಆದರೆ ಸಬಾ ಗೇಟಿನಿಂದ ಒಳಗೆ ಕಾಲಿಡಲಿಲ್ಲ. ಸಬಾಳ ಜಾಗಕ್ಕೆ ಬಂದಿದ್ದ ಆಯೇಷಾ ಗೋಲು ಬಿಟ್ಟಳು. ಕೂಗುವವರಿಗೆಲ್ಲ ಮುಂದಾಳಾದ ಚನ್ನು ಎದ್ದ: “ರೊಟ್ಟಿ ತಟ್ಟು!”

ರುಖ್ಸಾರ್ ಎರಡೂ ಕೋಲು ಮೇಲೆತ್ತಿ ನಿಂತುಬಿಟ್ಟಳು. ತಾಳ ಸಿಗದೆ ಗುಂಪಿನ ಕೂಗು ಚದುರಿತು. ಉಳಿದದ್ದು ಚನ್ನುವಿನ ಒಂಟಿ ದನಿ.

“ಯಾಕಕ್ಕಾ ನಿಲ್ಸಿದ್ರಿ?”

“ನಿನ್ ಮಾತು ಆ ಹುಡುಗಿಗೆ ಸರಿಯಾಗ್ ಕೇಳ್ಲಿ ಅಂತ ಕಣೋ. ಇನ್ನೊಂದ್ಸಲ ಹೇಳು, ಒಬ್ನೇ.”

ಆಯೇಷಾ ತಿರುಗಿ ನೋಡುತ್ತಿದ್ದಳು. ಚನ್ನು ಕಾಲರ್ ಸರಿಮಾಡಿಕೊಂಡ.

“ಹೇಳ್ ಮಗಾ, ನಾಚ್ಕೆನಾ?” ಹಿಂದಿನಿಂದ ಯಾರೋ ಕೆಣಕಿದರು.

“ಏಯ್, ಸುಮ್ನಿರ್ರೋ! ಅಕ್ಕಾ, ನೀವ್ ಬಾರ್ಸಿ.”

“ಯಾರ್ ಹೆಸ್ರಿಗ್ ಬಾರಿಸ್ಲಿ?”

“ಆಯೇಷಾ ಹೆಸ್ರಿಗೇ ಬಾರ್ಸಿ,” ಎಂದ, ರುಖ್ಸಾರಳ ಮುಖ ನೋಡದೆ.

ಬಾರಿಸಿದಳು. ತಂಡ ಸೋತೇ ಸೋತಿತು. ಗೇಟಿನಲ್ಲಿ ಸಬಾ ಸಿಡುಕುತ್ತ ನಿಂತಿದ್ದಳು: “ಅವ್ಳು ಎಡಗಾಲು ಲೇಟಾಗಿ ಇಡ್ತಾಳೆ, ಯಾರೂ ಹೇಳ್ಕೊಟ್ಟಿಲ್ವಾ?” ರುಖ್ಸಾರ್ ಪ್ಯಾಡಿನ ಚೀಲವನ್ನು ತಂಗಿಯ ಭುಜಕ್ಕೆ ದಾಟಿಸಿದಳು. ಸಬಾ ಅದನ್ನು ಕೆಳಗಿಡಲಿಲ್ಲ.

ಈಗ ರುಖ್ಸಾರ್ ವಾರವೆಲ್ಲ ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಶನಿವಾರ ಭಾಗ್ಯಶ್ರೀಯ ಜೊತೆ ಶಾಲೆಗಳಿಗೆ ಹೋಗಿ, ಹಾಕಿ ನೋಡುವುದು ಹೇಗೆ, ಕೂಗುವುದು ಹೇಗೆ ಎಂದು ಮಕ್ಕಳಿಗೆ ಹೇಳಿಕೊಡುತ್ತಾಳೆ. ಭಾನುವಾರ ಸಬಾ ಕಾಯುವ ಗೋಲಿನ ಹಿಂದೆ ಡೋಲು ಬಾರಿಸುತ್ತಾಳೆ, ನಿಂತುಕೊಂಡೇ.